ಬೋರ್ಡ್ ಮೇಲಿನ ನಂಬರ್ ಬದಲಾದಾಗಿನ ಆ 10 ಸೆಕೆಂಡ್

ಒಂದೇ ಲೇನ್. ಎರಡು ಕಾರು. ಎರಡೂ ಗಂಟೆಗೆ 58 ಮೈಲಿ ವೇಗದಲ್ಲಿ, ಐದಾರು ಸೆಕೆಂಡ್ ಅಂತರದಲ್ಲಿ, ವೇಗದ ಮಿತಿ ತೋರಿಸುವ ಒಂದೇ ಬೋರ್ಡ್ ಕೆಳಗೆ ಹಾದು ಹೋಗುತ್ತವೆ. ಮುಂದಿನ ಕಾರಿನವರಿಗೆ ಏನೂ ಆಗುವುದಿಲ್ಲ. ಹಿಂದಿನ ಕಾರಿನವರ ಮನೆಗೆ ಎರಡು ವಾರದೊಳಗೆ ಪೊಲೀಸರ ಪತ್ರ ಬರುತ್ತದೆ. ಕ್ಯಾಮೆರಾ ಕೆಟ್ಟಿಲ್ಲ, ಯಾರೂ ಪಕ್ಷಪಾತ ಮಾಡಿಲ್ಲ. ಇಂಗ್ಲೆಂಡಿನ ಕಾನೂನಿನ ಲೆಕ್ಕದಲ್ಲಿ ಎರಡೂ ಸರಿ. ನನ್ನ ಕೇಳಿದರೆ ನ್ಯಾಯದ ಲೆಕ್ಕದಲ್ಲೂ ಸರಿಯೇ.

ಲಂಡನ್ ಸುತ್ತ ಹೋಗುವ ಎಂ25, ಹೀಥ್ರೂ ಪಕ್ಕದಿಂದ ಸ್ಲೌ, ರೆಡಿಂಗ್ ಕಡೆ ಹೋಗುವ ಎಂ4, ಬರ್ಮಿಂಗ್‌ಹ್ಯಾಂ ಹತ್ತಿರದ ಎಂ42 — ಈ ರಸ್ತೆಗಳಲ್ಲಿ ಓಡಾಡುವ ಕನ್ನಡಿಗರಿಗೆ ಈ ಬೋರ್ಡುಗಳು ಚೆನ್ನಾಗಿ ಗೊತ್ತು. ರಸ್ತೆ ಮೇಲೆ ಅಡ್ಡಲಾಗಿ ಕಬ್ಬಿಣದ ಗ್ಯಾಂಟ್ರಿ, ಪ್ರತಿ ಲೇನ್ ಮೇಲೂ ಒಂದು ಪುಟ್ಟ ಪರದೆ, ಅದರಲ್ಲಿ ಕೆಂಪು ಉಂಗುರದೊಳಗೆ 60, 50 ಅಥವಾ 40. ಹತ್ತು ನಿಮಿಷದ ಹಿಂದೆ ಏನೂ ಇರಲಿಲ್ಲ, ಇನ್ನು ಹತ್ತು ನಿಮಿಷಕ್ಕೆ ಮತ್ತೆ ಖಾಲಿಯಾಗಬಹುದು. ಇಷ್ಟು ಬದಲಾಗುವ ಮಿತಿಗೆ ಕ್ಯಾಮೆರಾ ಹೇಗೆ ದಂಡ ಹಾಕುತ್ತದೆ ಅನ್ನುವುದು ಬಹಳ ಜನರ ಪ್ರಶ್ನೆ.

ಎಲ್ಲರೂ ಅಂದುಕೊಳ್ಳುವುದು ಕಷ್ಟದ ಕೆಲಸ ವೇಗ ಅಳೆಯುವುದು ಅಂತ. ಅದು ಸುಲಭ. ಬೆಂಗಳೂರು–ಮೈಸೂರು ದಶಪಥದಲ್ಲೂ ಪೊಲೀಸ್ ಇಲಾಖೆ ಐಟಿಎಂಎಸ್ ಅನ್ನುವ ಸಂಚಾರ ನಿರ್ವಹಣೆ ವ್ಯವಸ್ಥೆಯ ಕ್ಯಾಮೆರಾ ಹಾಕಿ ಅದೇ ಕೆಲಸ ಮಾಡುತ್ತಿದೆ. ಆದರೆ ಅಲ್ಲಿ ಕಾರಿಗೆ 100 ಕಿ.ಮೀ. ಅಂದರೆ ಬೆಳಿಗ್ಗೆಯೂ 100, ರಾತ್ರಿಯೂ 100. ಕ್ಯಾಮೆರಾಗೆ ಒಂದು ನಂಬರ್ ಹೇಳಿಕೊಟ್ಟರೆ ಮುಗಿಯಿತು. ಮಿತಿಯೇ ಗಳಿಗೆಗೊಮ್ಮೆ ಬದಲಾಗುವ ಕಡೆ ಪ್ರಶ್ನೆ ಬೇರೆ: ಈ ಕಾರು ಬೋರ್ಡ್ ದಾಟಿದಾಗ ಅದರ ಡ್ರೈವರ್‌ಗೆ ಅನ್ವಯವಾಗುತ್ತಿದ್ದ ಮಿತಿ ಯಾವುದು? ಇಡೀ ವ್ಯವಸ್ಥೆಯ ತಲೆನೋವು ಇದೊಂದೇ.

ಮೊದಲು, ಸುಮ್ನೆ ಇರುವ 70 ಮೈಲಿಯ (ಸುಮಾರು 112 ಕಿ.ಮೀ.) ಮಿತಿಯನ್ನು ಯಾಕೆ ಮುಟ್ಟಬೇಕು ಅನ್ನುವುದನ್ನು ನೋಡೋಣ.

ಜಪಾನಿನ ಸಂಶೋಧಕರು ಒಂದು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತಾಕಾರದ ದಾರಿ, ಅದರಲ್ಲಿ 22 ಕಾರು, ಎಲ್ಲರೂ 30 ಕಿ.ಮೀ. ವೇಗದಲ್ಲಿ ಒಂದೇ ಸಮ ಓಡಿಸಿ ಅಂತ ಹೇಳಿದ್ದು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವವರಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಜಾಮ್ ಹುಟ್ಟಿತು! ಒಬ್ಬರು ಚೂರು ಹತ್ತಿರ ಹೋಗಿ ಬ್ರೇಕ್ ಮುಟ್ಟುತ್ತಾರೆ, ಹಿಂದಿನವರು ಇನ್ನೂ ಸ್ವಲ್ಪ ಜಾಸ್ತಿ ಒತ್ತುತ್ತಾರೆ, ಅವರ ಹಿಂದಿನವರು ಇನ್ನೂ ಜಾಸ್ತಿ, ಹೀಗೆ ಹೋಗಿ ಹೋಗಿ ಯಾರೋ ಒಬ್ಬರು ಪೂರ್ತಿ ನಿಲ್ಲುತ್ತಾರೆ. ಆ ನಿಂತ ಗುಂಪು ಕಾರುಗಳು ಹೋಗುವ ದಿಕ್ಕಿಗೆ ಉಲ್ಟಾ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಮೋಟಾರ್‌ವೇಯಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡು, ಮುಂದೆ ಹೋಗಿ ನೋಡಿದರೆ ಆಕ್ಸಿಡೆಂಟೂ ಇಲ್ಲ, ಕಾಮಗಾರಿಯೂ ಇಲ್ಲ ಅನ್ನಿಸುತ್ತದಲ್ಲ, ಅದು ಇದೇ.

ರಸ್ತೆ ತುಂಬಿದ ಹೊತ್ತಲ್ಲಿ ಎಲ್ಲರನ್ನೂ 70ರಿಂದ 50ಕ್ಕೆ ಇಳಿಸಿದರೆ ಈ ಬ್ರೇಕಿನ ಅಲೆ ಏಳುವುದು ಕಡಿಮೆಯಾಗುತ್ತದೆ. ಕಾರುಗಳ ನಡುವೆ ವೇಗದ ವ್ಯತ್ಯಾಸ ತಗ್ಗುತ್ತದೆ, ಲೇನ್ ಬದಲಿಸುವ ಆಸೆಯೂ ತಗ್ಗುತ್ತದೆ. ನಿಧಾನ ಹೋದರೆ ಬೇಗ ತಲುಪುತ್ತೀರಿ ಅಂದರೆ ಯಾರೂ ನಂಬುವುದಿಲ್ಲ, ಆದರೆ ತುಂಬಿದ ರಸ್ತೆಯಲ್ಲಿ ಅದು ನಿಜ. ಇನ್ನೊಂದು ಕಾರಣ ಮುಂದೆ ನಿಂತಿರುವ ಸಾಲಿಗೆ ಹಿಂದಿನಿಂದ ಯಾರೂ ಬಂದು ಗುದ್ದಬಾರದು ಅನ್ನುವುದು. ಅಲ್ಲಿನ ಹೈವೇ ಕೋಡ್ ಪ್ರಕಾರ 70 ಮೈಲಿ ವೇಗದಲ್ಲಿರುವ ಕಾರು ನಿಲ್ಲಲು 96 ಮೀಟರ್ ಬೇಕು, 40ರಲ್ಲಿ 36 ಮೀಟರ್ ಸಾಕು.

ಬ್ರಿಟನ್ನಿನಲ್ಲಿ ಇದು ಶುರುವಾಗಿದ್ದು 1995ರಲ್ಲಿ, ಎಂ25ರ ಪಶ್ಚಿಮ ಭಾಗದಲ್ಲಿ, ಹೀಥ್ರೂ ಹತ್ತಿರ. 2006ರಲ್ಲಿ ಎಂ42ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದಟ್ಟಣೆ ಇದ್ದಾಗ ಪಕ್ಕದ ಹಾರ್ಡ್ ಶೋಲ್ಡರನ್ನೂ (ಗಾಡಿ ಕೆಟ್ಟರೆ ನಿಲ್ಲಿಸಲು ಬಿಟ್ಟಿರುವ ಅಂಚಿನ ಪಟ್ಟಿ) ಲೇನ್ ಮಾಡಿಕೊಂಡರು. ಅದನ್ನೇ ಮುಂದೆ ಸ್ಮಾರ್ಟ್ ಮೋಟಾರ್‌ವೇ ಅಂತ ಕರೆದರು. ಹಾರ್ಡ್ ಶೋಲ್ಡರ್ ತೆಗೆದಿದ್ದರ ಬಗ್ಗೆ ದೊಡ್ಡ ಜಗಳವೇ ಆಗಿ, 2023ರ ಏಪ್ರಿಲ್‌ನಲ್ಲಿ ಸರ್ಕಾರ ಹೊಸದಾಗಿ ಕಟ್ಟುವುದನ್ನು ಕೈಬಿಟ್ಟಿತು. ಆ ಜಗಳ ಬೇರೆ, ಬದಲಾಗುವ ಮಿತಿಯ ಕತೆ ಬೇರೆ. ಎರಡನ್ನೂ ಒಟ್ಟಿಗೆ ಬೈಯುವವರೇ ಜಾಸ್ತಿ.

ಈಗ ನಂಬರ್ ಬದಲಿಸುವವರು ಯಾರು? ಎಷ್ಟೋ ಸಲ ಯಾರೂ ಅಲ್ಲ. ಈ ವ್ಯವಸ್ಥೆಗೆ ಮೈಡಾಸ್ ಅಂತ ಹೆಸರು. ರಸ್ತೆಯ ಡಾಂಬರಿನೊಳಗೆ, ಪ್ರತಿ ಲೇನಿನಲ್ಲೂ, ಸಾಮಾನ್ಯವಾಗಿ 500 ಮೀಟರಿಗೊಮ್ಮೆ ತಂತಿಯ ಸುರುಳಿ ಹೂತಿರುತ್ತಾರೆ. ಹೊಸ ಕಡೆಗಳಲ್ಲಿ ಸುರುಳಿಯ ಬದಲು ಕಂಬದ ಮೇಲೆ ರೇಡಾರ್ ಇರುತ್ತದೆ. ಸುರುಳಿಯಲ್ಲಿ ಕರೆಂಟ್ ಹರಿಯುತ್ತಿರುತ್ತದೆ, ಮೇಲೆ ಲೋಹದ ಗಾಡಿ ಬಂದರೆ ಅದರ ವಿದ್ಯುತ್ ಗುಣ ಬದಲಾಗುತ್ತದೆ, ಅಷ್ಟರಿಂದಲೇ ಗಾಡಿ ಬಂತು, ಹೋಯಿತು ಅಂತ ಗೊತ್ತಾಗುತ್ತದೆ. ಪಕ್ಕದಲ್ಲೇ ಇನ್ನೊಂದು ಸುರುಳಿ ಇದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ವೇಗವೂ ಸಿಗುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಎರಡು ಮೀಟರ್ ಉದ್ದದ ಸುರುಳಿ, ನಾಲ್ಕೂವರೆ ಮೀಟರ್ ಉದ್ದದ ಕಾರು ಅಂತ ಇಟ್ಟುಕೊಳ್ಳಿ. 70 ಮೈಲಿಯಲ್ಲಿ ಹೋಗುವ ಕಾರು ಆ ಸುರುಳಿಯನ್ನು ಮುಚ್ಚಿರುವುದು ಸೆಕೆಂಡಿನ ಐದನೇ ಒಂದು ಭಾಗ. ಅದೇ ಕಾರು ಜಾಮಿನಲ್ಲಿ ಗಂಟೆಗೆ 5 ಕಿ.ಮೀ. ವೇಗದಲ್ಲಿ ತೆವಳುತ್ತಿದ್ದರೆ ಹತ್ತಿರ ಹತ್ತಿರ ಐದು ಸೆಕೆಂಡ್. ಸುರುಳಿ ಹೀಗೆ ಸೆಕೆಂಡ್‌ಗಟ್ಟಲೆ ಮುಚ್ಚಿಯೇ ಇದ್ದರೆ ಅಲ್ಲಿ ಸಾಲು ನಿಂತಿದೆ ಅಂತ ಅರ್ಥ. ಕಂಪ್ಯೂಟರ್ ಅದನ್ನು ಹಿಡಿದ ಕೂಡಲೇ ಹಿಂದಿನ ಗ್ಯಾಂಟ್ರಿಗಳಲ್ಲಿ 40 ಹಾಕುತ್ತದೆ, ಅದಕ್ಕೂ ಹಿಂದೆ 50, 60, ಯಾರೂ ಒಮ್ಮೆಲೇ ಬ್ರೇಕ್ ಒತ್ತಬಾರದು ಅಂತ. ನಿಯಂತ್ರಣ ಕೇಂದ್ರದಲ್ಲಿ ಕೂತವರೂ ಕೈಯಾರೆ ಹಾಕಬಹುದು. ರಸ್ತೆ ಮೇಲೆ ಟೈರ್ ಬಿದ್ದಿದ್ದರೆ, ಯಾರೋ ನಡೆದುಕೊಂಡು ಹೋಗುತ್ತಿದ್ದರೆ, ಗಾಡಿ ಕೆಟ್ಟು ನಿಂತಿದ್ದರೆ ಹಾಗೆ ಮಾಡುತ್ತಾರೆ.

'ಖಾಲಿ ರಸ್ತೆಗೆ 40 ಹಾಕಿ ಕೂತಿದ್ದಾರೆ' ಅನ್ನುವ ಬೈಗುಳಕ್ಕೂ ಇಲ್ಲೇ ಉತ್ತರ ಇದೆ. ಬೋರ್ಡ್ ಹೇಳುವುದು ನಿಮ್ಮ ಕಣ್ಣ ಮುಂದಿನ ರಸ್ತೆಯ ವಿಷಯವಲ್ಲ, ಒಂದೆರಡು ಮೈಲಿ ಮುಂದಿನದು. ನಿಮಗೆ ಖಾಲಿ ಕಾಣುತ್ತಿರುವುದಕ್ಕೆ ಕಾರಣವೇ ಆ 40 ಇರಬಹುದು. ಹಾಗಂತ ಪ್ರತಿ ಸಲವೂ ಅವರೇ ಸರಿ ಅಂತಲ್ಲ. ತೊಂದರೆ ಮುಗಿದ ಮೇಲೂ ನಂಬರ್ ಹಾಗೇ ಉಳಿದು ಜನ ಗೊಣಗುವುದು ಇದ್ದದ್ದೇ. ಆದರೆ ಕಾರಣ ಇರಲಿ ಬಿಡಲಿ, ಕೆಂಪು ಉಂಗುರ ಬೆಳಗುತ್ತಿರುವವರೆಗೆ ಅದು ಕಾನೂನು. ಉಂಗುರ ಇಲ್ಲದೆ ಬರೀ ನಂಬರ್, ಪಕ್ಕದಲ್ಲಿ ಹಳದಿ ದೀಪ ಮಿಟುಕುತ್ತಿದ್ದರೆ ಅದು ಸಲಹೆ ಮಾತ್ರ. ಈ ಉಂಗುರದ ವ್ಯತ್ಯಾಸ ವರ್ಷಗಟ್ಟಲೆ ಓಡಿಸಿದವರಿಗೂ ಗೊತ್ತಿರುವುದಿಲ್ಲ.

ಗಮನಿಸಿ, ಇಲ್ಲಿಯವರೆಗೆ ದಂಡದ ಮಾತೇ ಬಂದಿಲ್ಲ. ಡಾಂಬರಿನೊಳಗಿನ ಸುರುಳಿಗೆ ನಿಮ್ಮ ನಂಬರ್ ಪ್ಲೇಟ್ ಗೊತ್ತಿಲ್ಲ, ಅದರ ಕೆಲಸ ಮಿತಿ ತೀರ್ಮಾನಿಸುವುದು. ಹಿಡಿಯುವುದು ಬೇರೆಯದೇ ಯಂತ್ರ. ಇಂಗ್ಲೆಂಡಿನ ಇಂಥ ರಸ್ತೆಗಳಲ್ಲಿ ಜಾಸ್ತಿ ಕಾಣುವುದು ಹೇಡೆಕ್ಸ್ 3 ಅನ್ನುವ ಕ್ಯಾಮೆರಾ. ಹಿಂದಿನ ಮಾದರಿಯಲ್ಲಿ ಗ್ಯಾಂಟ್ರಿ ಮೇಲೆ ಲೇನಿಗೊಂದರಂತೆ ಡಬ್ಬ ಇರುತ್ತಿತ್ತು. ಇದು ಹಾಗಲ್ಲ. ರಸ್ತೆಯ ಎಡ ಅಂಚಿನಲ್ಲಿ, ಗ್ಯಾಂಟ್ರಿಯ ಕಾಲಿನ ಹತ್ತಿರ, ಒಂದು ಪುಟ್ಟ ಪೆಟ್ಟಿಗೆ. ಅದರ ರೇಡಾರ್ ಒಂದೇ ಐದು ಲೇನಿನವರೆಗೂ ನೋಡುತ್ತದೆ. ಮೊದಮೊದಲು ಬೂದು ಬಣ್ಣದಲ್ಲಿದ್ದು ಯಾರಿಗೂ ಕಾಣುತ್ತಿರಲಿಲ್ಲ, ಗಲಾಟೆ ಆಯಿತು, 2016ರ ಹೊತ್ತಿಗೆ ಎಲ್ಲಕ್ಕೂ ಹಳದಿ ಬಳಿಯಬೇಕು ಅಂತ ಸರ್ಕಾರ ಹೇಳಿತು. ಅಂದಹಾಗೆ ಕಂಬದ ತುದಿಯಲ್ಲಿ ತಿರುಗುವ ಸಿಸಿಟಿವಿ ನೋಡಿ ಬ್ರೇಕ್ ಹಾಕುವವರಿದ್ದಾರೆ. ಅದು ದಂಡದ ಕ್ಯಾಮೆರಾ ಅಲ್ಲ, ನಿಯಂತ್ರಣ ಕೇಂದ್ರದವರು ರಸ್ತೆ ನೋಡುವುದಕ್ಕೆ ಇರುವುದು.

ರೇಡಾರ್ ಕೊಟ್ಟ ವೇಗವೊಂದನ್ನೇ ನಂಬಿ ಕೇಸ್ ಹಾಕುವುದಿಲ್ಲ. ಸ್ವಲ್ಪ ಸಮಯದ ಅಂತರದಲ್ಲಿ ತೆಗೆದ ಫೋಟೋಗಳಲ್ಲಿ ರಸ್ತೆ ಮೇಲಿನ ಗುರುತಿನ ಗೆರೆಗಳಿಗೆ ಹೋಲಿಸಿ ಗಾಡಿ ಎಷ್ಟು ದೂರ ಸರಿದಿದೆ ಅಂತ ನೋಡಿದರೆ, ದೂರ ಭಾಗಿಸು ಸಮಯ, ವೇಗ ಇನ್ನೊಂದು ದಾರಿಯಲ್ಲಿ ಸಿಕ್ಕಿತು. ಎರಡೂ ತಾಳೆಯಾಗಬೇಕು. ಅಲ್ಲಿಗೆ ವೇಗದ ವಿಷಯ ಮುಗಿಯಿತು. ಮಿತಿಯ ವಿಷಯ ಉಳಿಯಿತು.

ಈಗ ಆ ಎರಡು ಕಾರಿನ ಕತೆಗೆ ಬರೋಣ. ಇಂಗ್ಲೆಂಡಿನಲ್ಲಿ ಬದಲಾಗುವ ಮಿತಿಗೆ ರಸ್ತೆಯ ಆಯಾ ಭಾಗಕ್ಕೆ ಪ್ರತ್ಯೇಕ ನಿಯಮಾವಳಿ ಇರುತ್ತದೆ. ಅದರಲ್ಲಿ ಎರಡು ಮಾತು ಮುಖ್ಯ. ಒಂದು, ನೀವು ಬೋರ್ಡ್ ದಾಟಿದಾಗ ಸಿಕ್ಕ ಮಿತಿ ಮುಂದೆ ಬೇರೆ ಮಿತಿ ತೋರಿಸುವ ಬೋರ್ಡ್ ದಾಟುವವರೆಗೂ ನಿಮ್ಮ ಜೊತೆಯೇ ಬರುತ್ತದೆ. ನೀವು 60 ನೋಡಿ ಮುಂದೆ ಹೋದಿರಿ, ಬೆನ್ನ ಹಿಂದೆ ಅದು 40 ಆಯಿತು ಅಂದರೆ ನಿಮಗೇನೂ ಸಂಬಂಧವಿಲ್ಲ, ನಿಮ್ಮ ಮಿತಿ ಇನ್ನೂ 60. ಅಂದರೆ ಇಲ್ಲಿ ಮಿತಿ ರಸ್ತೆಗೆ ಅಂಟಿಕೊಂಡಿಲ್ಲ, ಗಾಡಿಗೆ ಅಂಟಿಕೊಂಡಿದೆ. ಅಕ್ಕಪಕ್ಕ ಹೋಗುವ ಎರಡು ಕಾರಿಗೆ ಬೇರೆ ಬೇರೆ ಮಿತಿ ಇರಬಹುದು.

ಎರಡನೆಯದು ಇನ್ನೂ ಚೆನ್ನಾಗಿದೆ. ಬೋರ್ಡ್ ತೋರಿಸಿದ ಮಿತಿ ಅಂದರೆ ಗಾಡಿ ಅದನ್ನು ದಾಟಿದ ಕ್ಷಣದ ಮಿತಿ, ಅಥವಾ ಅದಕ್ಕೆ 10 ಸೆಕೆಂಡ್ ಮುಂಚೆ ಇದ್ದ ಮಿತಿ ಅದಕ್ಕಿಂತ ಜಾಸ್ತಿ ಇದ್ದರೆ ಅದು.

ಬೋರ್ಡ್ ಸರಿಯಾಗಿ 8 ಗಂಟೆ 15 ನಿಮಿಷಕ್ಕೆ 60ರಿಂದ 40ಕ್ಕೆ ಇಳಿಯಿತು ಅಂದುಕೊಳ್ಳಿ. ಮೊದಲ ಕಾರು ದಾಟಿದ್ದು ಆರು ಸೆಕೆಂಡ್ ಆದ ಮೇಲೆ. ಆಗ ಬೋರ್ಡಿನಲ್ಲಿ 40 ಇದೆ, ಆದರೆ ಅದಕ್ಕೆ 10 ಸೆಕೆಂಡ್ ಹಿಂದೆ 60 ಇತ್ತು. ಯಾವುದು ಜಾಸ್ತಿಯೋ ಅದು, ಹಾಗಾಗಿ ಈ ಕಾರಿಗೆ 60. ಅದು 58ರಲ್ಲಿ ಹೋಗುತ್ತಿತ್ತು, ತಪ್ಪಿಲ್ಲ. ಎರಡನೇ ಕಾರು ದಾಟಿದ್ದು ಹನ್ನೆರಡನೇ ಸೆಕೆಂಡಿಗೆ. 10 ಸೆಕೆಂಡ್ ಹಿಂದೆ ನೋಡಿದರೂ 40, ಈಗಲೂ 40. ಅದೇ 58 ಈಗ ತಪ್ಪು. ಉಲ್ಟಾ ಕೂಡ ಲೆಕ್ಕ ಹಾಕಿ: 40 ಇದ್ದದ್ದು 60 ಆಯಿತು, ಆಗಿ ಮೂರು ಸೆಕೆಂಡಿಗೆ ನೀವು ದಾಟಿದಿರಿ. ಈಗ 60, ಆಗ 40, ಜಾಸ್ತಿ ಇರುವುದು 60. ಯಾವ ಕಡೆಯಿಂದ ನೋಡಿದರೂ ಅನುಮಾನದ ಲಾಭ ಡ್ರೈವರ್‌ಗೆ.

10 ಸೆಕೆಂಡ್ ಯಾಕೆ ಸಾಕಷ್ಟು ಧಾರಾಳ ಅನ್ನುವುದಕ್ಕೆ ದೂರದ ಲೆಕ್ಕ ಹಾಕಿದರೆ ಸಾಕು. 70 ಮೈಲಿ ವೇಗದಲ್ಲಿ ಕಾರು ಸೆಕೆಂಡಿಗೆ 31 ಮೀಟರ್ ಹೋಗುತ್ತದೆ, 10 ಸೆಕೆಂಡಿಗೆ 310 ಮೀಟರ್ ಮೇಲೆ. ನಂಬರ್ ಬದಲಾದಾಗ ನೀವು ಅಷ್ಟು ಹಿಂದೆ ಇದ್ದಿರಿ ಅಂದರೆ, ಓದಿ, ಕಾಲು ಆಕ್ಸಿಲರೇಟರ್‌ನಿಂದ ತೆಗೆದು, ಬ್ರೇಕ್ ಒದೆಯದೆ ನಿಧಾನ ಆಗಲು ಜಾಗ ಇದೆ. ಅದಕ್ಕಿಂತ ಹತ್ತಿರ ಇದ್ದಿರಿ ಅಂದರೆ ಹಳೆಯ ನಂಬರೇ ನಿಮ್ಮದು. ಬೋರ್ಡ್ ಕೆಳಗೆ ಬಂದಾಗ ನಂಬರ್ ಬದಲಾಯಿತು ಅಂತ ಗಾಬರಿಯಿಂದ ಬ್ರೇಕ್ ಒದೆಯುವವರು ಇದನ್ನು ತಿಳಿದುಕೊಳ್ಳಬೇಕು. ಅವರು ತಪ್ಪಿಸಿಕೊಳ್ಳುತ್ತಿರುವ ದಂಡ ಇಲ್ಲವೇ ಇಲ್ಲ, ಹುಟ್ಟಿಸುತ್ತಿರುವ ಜಾಮ್ ಮಾತ್ರ ನಿಜ.

ಕ್ಯಾಮೆರಾ ಗ್ಯಾಂಟ್ರಿಯ ಪಕ್ಕದಲ್ಲೇ ಇರುವುದರ ಲಾಭ ಈಗ ಅರ್ಥವಾಗುತ್ತದೆ. ಬೋರ್ಡ್ ದಾಟಿದ ಹೊತ್ತೂ ಫೋಟೋ ತೆಗೆದ ಹೊತ್ತೂ ಹತ್ತಿರ ಹತ್ತಿರ ಒಂದೇ ಆಗುತ್ತದೆ. ಅರ್ಧ ಮೈಲಿ ಮುಂದೆ ಇದ್ದಿದ್ದರೆ, ಈ ಕಾರು ಬೋರ್ಡ್ ದಾಟಿದ್ದು ಎಷ್ಟು ಹೊತ್ತಿಗೆ ಅಂತ ಹಿಂದಕ್ಕೆ ಲೆಕ್ಕ ಹಾಕಬೇಕಿತ್ತು. ಈಗ ಕ್ಯಾಮೆರಾಗೆ ಬೇಕಾಗಿರುವುದು ಬೋರ್ಡಿನ ಸ್ವಲ್ಪ ಹೊತ್ತಿನ ಇತಿಹಾಸ: ಈಗ ಏನಿದೆ, ಯಾವಾಗ ಬದಲಾಯಿತು, ಮುಂಚೆ ಏನಿತ್ತು. ಅದಕ್ಕೇ ಮಿತಿ ಇಳಿದ ಕೂಡಲೇ ಕ್ಯಾಮೆರಾ ಹೊಸ ಮಿತಿಗೆ ಹಿಡಿಯಲು ಶುರು ಮಾಡುವುದಿಲ್ಲ, ಒಂದಿಷ್ಟು ಹೊತ್ತು ಬಿಟ್ಟು ಶುರು ಮಾಡುತ್ತದೆ.

ಕೇಳಲು ಸುಲಭ. ಆದರೆ ಆಜ್ಞೆ ಹೊರಡುವುದು ಒಂದು ಕಂಪ್ಯೂಟರಿನಿಂದ, ಬೆಳಗುವುದು ರಸ್ತೆ ಮೇಲಿನ ಬೋರ್ಡ್, ಹಿಡಿಯುವುದು ಮೂರನೇ ಪೆಟ್ಟಿಗೆ. 40 ಹಾಕು ಅಂತ ಹೇಳಿದ ಸಮಯವೇ ಬೇರೆ, ನಿಜವಾಗಿ 40 ಬೆಳಗಿದ ಸಮಯವೇ ಬೇರೆ. ನಡುವೆ ತಂತಿ, ಸಾಫ್ಟ್‌ವೇರ್, ಗಡಿಯಾರಗಳು. ಇವುಗಳಲ್ಲಿ ಒಂದು ಹಿಂದೆ ಬಿದ್ದರೂ ಮೇಲಿನ ನ್ಯಾಯವೆಲ್ಲ ಕೆಡುತ್ತದೆ.

ಕೆಟ್ಟಿದೆ ಕೂಡ. 2025ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಮೋಟಾರ್‌ವೇಗಳನ್ನು ನೋಡಿಕೊಳ್ಳುವ ನ್ಯಾಷನಲ್ ಹೈವೇಸ್ ಒಂದು ವಿಷಯ ಬಹಿರಂಗ ಮಾಡಿತು: ಬದಲಾಗುವ ಮಿತಿಯ ಕೆಲವು ಕ್ಯಾಮೆರಾಗಳಿಗೂ ಅವುಗಳ ಬೋರ್ಡಿಗೂ ನಡುವೆ ಸುಮಾರು 10 ಸೆಕೆಂಡ್ ವ್ಯತ್ಯಾಸ ಬರುತ್ತಿತ್ತು. 2021ರಿಂದ ಲೆಕ್ಕ ಹಾಕಿದಾಗ ಸುಮಾರು 2,650 ಸಲ ಕ್ಯಾಮೆರಾ ತಪ್ಪಾಗಿ ಹಿಡಿದಿತ್ತು. ಎಲ್ಲ ಸಲವೂ ದಂಡ ಬಿದ್ದಿರಲಿಲ್ಲ. ಬಿದ್ದವರಿಗೆ ಹಣ ವಾಪಸ್, ತಪ್ಪಿಗೆ ಲೈಸೆನ್ಸ್ ಮೇಲೆ ಬೀಳುವ ಪಾಯಿಂಟ್ ಅಳಿಸುತ್ತೇವೆ ಅಂದರು.

ಅದೇ ಅವಧಿಯಲ್ಲಿ ಈ ಕ್ಯಾಮೆರಾಗಳು ಲಕ್ಷಗಟ್ಟಲೆ ಸಲ ಕ್ಲಿಕ್ ಆಗಿದ್ದವು, ಆ ಲೆಕ್ಕದಲ್ಲಿ 2,650 ತೀರಾ ಚಿಕ್ಕದು. ಆದರೆ ನನಗೆ ಈ ಸಮಾಧಾನ ಅಷ್ಟಾಗಿ ಹಿಡಿಸುವುದಿಲ್ಲ. ರೇಡಾರ್ ತಪ್ಪಿದ್ದರೆ 'ನಾನು ಅಷ್ಟು ವೇಗದಲ್ಲಿ ಇರಲಿಲ್ಲ' ಅಂತ ಡ್ರೈವರ್‌ಗೆ ಅನುಮಾನವಾದರೂ ಬರುತ್ತದೆ. ಮಿತಿ ತಪ್ಪಿದ್ದರೆ ಅದೂ ಬರುವುದಿಲ್ಲ. ವೇಗ ಸರಿಯಾಗೇ ಇದೆ, ಫೋಟೋ ಸರಿಯಾಗೇ ಇದೆ, ಎರಡು ವಾರದ ಹಿಂದೆ ಯಾವ ಗ್ಯಾಂಟ್ರಿಯಲ್ಲಿ ಯಾವ ನಂಬರ್ ಇತ್ತು ಅಂತ ಯಾರಿಗೆ ನೆನಪಿರುತ್ತದೆ? ತುಂಬಾ ಜನ ನನ್ನದೇ ತಪ್ಪಿರಬೇಕು ಅಂತ ದುಡ್ಡು ಕಟ್ಟಿ ಸುಮ್ಮನಾಗುತ್ತಾರೆ, ಅಲ್ವಾ?

ಬೋರ್ಡ್ ಖಾಲಿ ಇದ್ದರೆ ಕ್ಯಾಮೆರಾ ಮಲಗಿದೆ ಅಂತ ಒಂದು ನಂಬಿಕೆ ಇದೆ. ಖಾಲಿ ಬೋರ್ಡ್ ಅಂದರೆ ರಾಷ್ಟ್ರೀಯ ಮಿತಿ 70 ಅಷ್ಟೇ, ಅದಕ್ಕೂ ಈ ಕ್ಯಾಮೆರಾ ಹಿಡಿಯಬಲ್ಲದು. ಇನ್ನು ಲೇನ್ ಮೇಲೆ ಕೆಂಪು ಇಂಟು ಗುರುತು ಇದ್ದರೆ ಆ ಲೇನ್ ಮುಚ್ಚಿದೆ ಅಂತ ಅರ್ಥ, ಮುಂದೆ ಕೆಟ್ಟು ನಿಂತ ಕಾರಿನಲ್ಲಿ ಜನ ಇರಬಹುದು. 2019ರ ಜೂನ್‌ನಿಂದ ಆ ಲೇನಿನಲ್ಲಿ ಹೋಗುವವರನ್ನೂ ಕ್ಯಾಮೆರಾ ಸಾಕ್ಷಿಯಿಂದ ಹಿಡಿಯಬಹುದು: 100 ಪೌಂಡ್, 3 ಪಾಯಿಂಟ್. ಇದಕ್ಕೆ ನನ್ನ ಕನಿಕರ ಇಲ್ಲ.

ಪೊಲೀಸ್ ಮುಖ್ಯಸ್ಥರ ಮಾರ್ಗಸೂಚಿಯಲ್ಲಿ ಮಿತಿಯ ಮೇಲೆ ಶೇ. 10 ಮತ್ತು 2 ಮೈಲಿ ಆದಮೇಲೆ ಕ್ರಮ ಅಂತ ಇದೆ. 40ಕ್ಕೆ 46, 50ಕ್ಕೆ 57, 60ಕ್ಕೆ 68. ಇದು ಮಾರ್ಗಸೂಚಿ ಮಾತ್ರ, ಹಕ್ಕು ಅಂತ ಕೋರ್ಟಿನಲ್ಲಿ ವಾದಿಸಲು ಬರುವುದಿಲ್ಲ. ಸ್ವಲ್ಪವೇ ಮೀರಿದ್ದರೆ, ಇತ್ತೀಚೆಗೆ ಹೋಗಿಲ್ಲದಿದ್ದರೆ, ದಂಡದ ಬದಲು ದುಡ್ಡು ಕಟ್ಟಿ ವೇಗದ ಪಾಠ ಕೇಳುವ ಕೋರ್ಸ್ ಸಿಗಬಹುದು. ಇಲ್ಲದಿದ್ದರೆ 100 ಪೌಂಡ್, 3 ಪಾಯಿಂಟ್. ವಿಷಯ ಕೋರ್ಟಿಗೆ ಹೋದರೆ ಮೋಟಾರ್‌ವೇ ವೇಗಕ್ಕೆ 2,500 ಪೌಂಡ್‌ವರೆಗೂ ಹೋಗಬಹುದು. ಮೂರು ವರ್ಷದಲ್ಲಿ 12 ಪಾಯಿಂಟ್ ಆದರೆ ಸಾಮಾನ್ಯವಾಗಿ ಲೈಸೆನ್ಸೇ ಹೋಗುತ್ತದೆ.

ಪತ್ರ 14 ದಿನದೊಳಗೆ ತಲುಪಬೇಕಾದ್ದು ಗಾಡಿ ಯಾರ ಹೆಸರಿನಲ್ಲಿ ನೋಂದಣಿ ಆಗಿದೆಯೋ ಅವರಿಗೆ. ಹಾಗಾಗಿ ಬಾಡಿಗೆ ಕಾರು, ಕಂಪನಿ ಲೀಸ್ ಕಾರು ಓಡಿಸುವವರಿಗೆ ತಡವಾಗಿ ಬರುತ್ತದೆ, ಮೊದಲ ಪತ್ರ ಬಾಡಿಗೆ ಕಂಪನಿಗೆ ಹೋಗಿರುತ್ತದೆ. ಅವರು ನಿಮ್ಮ ಹೆಸರು ಕೊಟ್ಟು, ಆ ಕೆಲಸಕ್ಕೆ ನಿಮ್ಮ ಕಾರ್ಡಿನಿಂದ ಒಂದಿಷ್ಟು ಶುಲ್ಕವನ್ನೂ ಕತ್ತರಿಸಿಕೊಂಡಿರುತ್ತಾರೆ. ಹದಿನಾಲ್ಕು ದಿನ ಕಳೆದು ಬಂತು, ಕೇಸ್ ಬಿದ್ದು ಹೋಯಿತು ಅಂತ ಖುಷಿಪಡಬೇಡಿ.

ಮಿತಿ ಆಗತಾನೇ ಬದಲಾಗಿತ್ತು ಅನ್ನಿಸಿದರೆ ಪೊಲೀಸರ ಹತ್ತಿರ ಫೋಟೋ ಕೇಳಿ ನೋಡಿ, ಬೋರ್ಡ್ ಎಷ್ಟು ಹೊತ್ತಿಗೆ ಬದಲಾಯಿತು ಅಂತಲೂ ಕೇಳಿ. ನಿಮ್ಮ ಕಾರಿನಲ್ಲಿ ಡ್ಯಾಶ್‌ಕ್ಯಾಮ್ ಇದ್ದರೆ ಆ ದಿನದ ವಿಡಿಯೋ ಅಳಿಸಿಹೋಗುವ ಮುಂಚೆ ತೆಗೆದಿಟ್ಟುಕೊಳ್ಳಿ, ಬೋರ್ಡಿನ ನಂಬರ್ ಅದರಲ್ಲಿ ಬಿದ್ದಿರುತ್ತದೆ. ಆದರೆ ಈ ಜಗಳದ ನಡುವೆ, ಗಾಡಿ ಓಡಿಸುತ್ತಿದ್ದವರು ಯಾರು ಅಂತ ಕೇಳುವ ಫಾರ್ಮನ್ನು ಮಾತ್ರ 28 ದಿನದೊಳಗೆ ತುಂಬಿ ಕಳಿಸಿಬಿಡಿ. ಅದನ್ನು ತುಂಬುವುದು ತಪ್ಪು ಒಪ್ಪಿಕೊಂಡಂತೆ ಅಲ್ಲ. ತುಂಬದೆ ಇಟ್ಟುಕೊಂಡರೆ ಅದೇ ಬೇರೆ ಅಪರಾಧ, ಅದಕ್ಕೆ 6 ಪಾಯಿಂಟ್, ವೇಗದ ದಂಡದ ಜೊತೆ ಬರುವ 3 ಪಾಯಿಂಟಿನ ಎರಡರಷ್ಟು.